ಖಾಲಿ ಪೆಟ್ಟಿಗೆಯ ಹಳೆಯ ಮಾಹಿತಿ

ಕನ್ನಡಕದ ಅಂಗಡಿಯ ಅಕ್ಕಯ್ಯ ಮುಚ್ಚಿದ ಪೆಟ್ಟಿಗೆಯನ್ನು ನಂಬಿದವರೇ ಅಲ್ಲ. ಹೊಸ ಗಾಜು ಬಂದರೆ ಮೊದಲು ಅಂಟುಪಟ್ಟಿಯನ್ನು ಉಗುರಿನಿಂದ ಕೆರೆದು ನೋಡುವರು. ಎರಡು ಪದರ ಕಂಡಿತೋ, ಯಾರೋ ಬಿಚ್ಚಿ ಮತ್ತೆ ಅಂಟಿಸಿದ್ದಾರೆಂದೇ ಅರ್ಥ. ಇಂಥವರು ಕೆಲಸಕ್ಕಿದ್ದರೆಂದೇ ಅಂಗಡಿಯ ಯಜಮಾನರು ಅದರ ಚಿಂತೆ ಬಿಟ್ಟಿದ್ದರು.

ಅಕ್ಕಯ್ಯನ ಒಡಹುಟ್ಟಿದ ತಮ್ಮ, ಗಿರಾಕಿಗಳ ಕಣ್ಣಿನ ವಿವರಗಳನ್ನಿಡುವ ತಂತ್ರಾಂಶವೊಂದನ್ನು ತಯಾರಿಸಿದ್ದ. ಈ ಅಂಗಡಿಯೇ ಅವನ ಮೊದಲ ಗಿರಾಕಿ. ಅಕ್ಕಯ್ಯ ಒಪ್ಪಿದರೆ ವ್ಯಾಪಾರ. ಇಲ್ಲವಾದರೆ ಬಿಟ್ಟುಬಂದ ನೌಕರಿಗೇ ಅವನು ಮರಳಬೇಕು.

ಹೊಸ ಕಂಪ್ಯೂಟರಿಗೆ ಅದನ್ನು ಹಾಕುತ್ತಿದ್ದಂತೆ ಪರದೆಯ ಮೇಲೆ ಪ್ರಶ್ನೆಯೊಂದು ಮೂಡಿತು: ‘ನಿಮ್ಮ ಡೇಟಾಬೇಸ್ ಹಳೆಯ ವಿನ್ಯಾಸದ್ದು. ಹಿಂದಿನ ಮಾಹಿತಿಯ ನಕಲು ತೆಗೆದಿಟ್ಟಿದ್ದೀರಾ? ಹೊಸ ವಿನ್ಯಾಸಕ್ಕೆ ಬದಲಾಯಿಸಬಹುದೇ?’

ತಮ್ಮ ಓದದೆಯೇ ‘ಹೌದು’ ಒತ್ತಲು ಹೋದ. ಅಕ್ಕಯ್ಯ ಅವನ ಮಣಿಕಟ್ಟು ಹಿಡಿದರು.

“ಯಾರ ಮಾಹಿತಿಯೋ ಇದು?”

“ಯಾರದ್ದೂ ಅಲ್ಲ ಕಣಕ್ಕಾ. ಒಳಗೆಲ್ಲಾ ಖಾಲಿ. ಯಾವಾಗ್ಲೂ ಹೀಗೇ ಕೇಳುತ್ತೆ.”

“ಖಾಲಿ ಇದ್ರೆ ನಕಲು ಯಾಕೆ? ಬೇರೆ ಅಂಗಡೀದು ಕಿತ್ತು ನಮಗೆ ತಂದಿದೀಯಾ?”

“ನನ್ನ ಮೇಲೂ ಅನುಮಾನಾನಾ?”

“ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣಾನ ಹೊಸದು ಅಂತ ನನಗೆ ಕೊಟ್ಟವನು ನೀನೇ ತಾನೆ?”

ತಮ್ಮ ಮುಖ ಊದಿಸಿಕೊಂಡು ಎದ್ದುಹೋದ. ಅಕ್ಕಯ್ಯ ಯಜಮಾನರಿಗೆ ಫೋನು ಮಾಡಿ, “ಬೇಡ ಸಾರ್, ಹಳೇ ಸರಕು ಇದ್ದ ಹಾಗಿದೆ” ಎಂದೇಬಿಟ್ಟರು.

ಮರುದಿನ ತಮ್ಮ ಮತ್ತೆ ಬಂದ. ಕಣ್ಣು ಕೆಂಪಗಿತ್ತು.

“ತಪ್ಪು ನಂದೇ ಅಕ್ಕಾ. ಇದು ಮೊದಲು ಹಳೇ ವಿನ್ಯಾಸದಲ್ಲಿ ಖಾಲಿ ಡೇಟಾಬೇಸ್, ಅಂದ್ರೆ ಮಾಹಿತಿ ತುಂಬೋ ಪೆಟ್ಟಿಗೆ, ಕಟ್ಟುತ್ತೆ, ಆಮೇಲೆ ತಾನೇ ಕಟ್ಟಿದ್ದನ್ನ ಹಳೇದು ಅನ್ನುತ್ತೆ. ಒತ್ತಿ ಒತ್ತಿ ಅಭ್ಯಾಸ ಆಗಿ, ಅದೇನು ಕೇಳ್ತಿದೆ ಅಂತ ನಾನೇ ನೋಡಿರ್ಲಿಲ್ಲ. ರಾತ್ರಿ ಕೂತು ಸರಿಮಾಡಿದೀನಿ, ಈಗ ನೋಡು.”

ಮೊದಲಿನಿಂದ ಮತ್ತೆ ಹಾಕಿದಾಗ ಪರದೆಯ ಮೇಲೆ ಬೇರೆಯೇ ಮಾತು ಮೂಡಿತು: ‘ಇದು ಹೊಸ ಸ್ಥಾಪನೆ. ಹಳೆಯ ಮಾಹಿತಿ ಏನೂ ಇಲ್ಲ. ಹೊಸ ಡೇಟಾಬೇಸ್ ಸಿದ್ಧವಾಗುತ್ತಿದೆ.’

“ಹಳೇದು ನಿಜವಾಗ್ಲೂ ಇದ್ರೆ ಮಾತ್ರ ಇನ್ಮೇಲೆ ಕೇಳುತ್ತೆ,” ಎಂದ.

“ಬರೆಯೋನು ನೀನು. ಏನು ಬೇಕಾದ್ರೂ ಹೇಳಿಸ್ತೀಯ.”

“ಹಾಗಾದ್ರೆ ನೀನೇ ಹುಡುಕು,” ಎಂದು ಕುರ್ಚಿ ಬಿಟ್ಟುಕೊಟ್ಟ.

ಅಕ್ಕಯ್ಯ ಒಂದೊಂದೇ ಪುಟ ತೆರೆದು ಜಾಲಾಡಿದರು. ಪರರ ಹೆಸರಿರಲಿ, ಒಂದು ಅಕ್ಷರವೂ ಸಿಗಲಿಲ್ಲ. ಹಿಂದಿನ ದಿನ ಆಡಿದ ಮಾತು ಈಗ ಎದೆಯಲ್ಲಿ ಮುಳ್ಳಿನಂತೆ ಚುಚ್ಚಿತು. ಅವನೆದುರಿಗೇ ಯಜಮಾನರಿಗೆ ಫೋನು ಹಚ್ಚಿದರು.

“ಸಾರ್, ಹಳೇ ಸರಕು ಅಂದಿದ್ದು ನನ್ನ ತಪ್ಪು. ಹೊಸದೇ. ತಗೊಳ್ಳೋಣ.”

ತಮ್ಮ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ.

“ಸಾಕು, ಕೂತ್ಕೋ,” ಎಂದರು ಅಕ್ಕಯ್ಯ. “ಮೊದಲು ನನ್ನ ಕಣ್ಣಿನ ನಂಬರ್ ಹಾಕು. ನಾಳೆ ಬೆಳಿಗ್ಗೆ ಅದೇ ಇರುತ್ತಾ ಅಂತ ನೋಡ್ತೀನಿ.”