ಮುಖ ಬಿಟ್ಟು ಟೋಪಿ ನೋಡಿದವನು

ನನಗೆ ಮುಖಗಳ ನೆನಪು ಚೆನ್ನಾಗಿದೆ ಎಂದು ಬಹಳ ದಿನ ನಂಬಿದ್ದೆ. ಯರಗಟ್ಟಿ ಬಸ್ ನಿಲ್ದಾಣದ ಗದ್ದಲದಲ್ಲೂ ಪ್ರಾಥಮಿಕ ಶಾಲೆಯ ಸಹಪಾಠಿಯನ್ನು ಬರೀ ಮೂಗು ನೋಡಿ ಗುರುತಿಸಿದವನು ನಾನು. ಆ ಜಂಬ ಇಳಿದದ್ದು ಹೂಲಿಯಲ್ಲಿ, ನಮ್ಮ ಸೋದರತ್ತೆ ನೀಲವ್ವನ ಅಡುಗೆಮನೆಯಲ್ಲಿ.

ಆ ಊರಿನ ಹಳೆಯ ಗುಡಿಗಳನ್ನು ನೋಡಲು ಜಪಾನಿನ ಇಬ್ಬರು ಗೆಳತಿಯರು ಬಂದಿದ್ದರು, ಯುಕಿ ಮತ್ತು ಮಿಕಾ. ಇಂಗ್ಲಿಷ್ ಬರುತ್ತದೆಂದು ನಾನು ದುಭಾಷಿ. ಊಟ ಅತ್ತೆಯ ಮನೆಯಲ್ಲಿ. ಬೆಳಿಗ್ಗೆ ಅಲ್ಲೇ ಚಹಾ ಕುಡಿಯುವಾಗ, ಕೆಂಪು ಟೋಪಿ ಹಾಕಿದ್ದ ಯುಕಿ ಹೇಳಿದ್ದಳು: ಶೇಂಗಾ ತಿಂದರೆ ತನಗೆ ಗಂಟಲು ಬಾತು ಉಸಿರು ಕಟ್ಟುತ್ತದೆ. ಅದನ್ನು ತಿಳಿಸಿದಾಗ ಅತ್ತೆ ಕಂಗಾಲಾದಳು. ಶೇಂಗಾ ಬೀಳದ ಅಡುಗೆಗೆ ನಮ್ಮ ಕಡೆ ಅಡುಗೆಯೆಂಬ ಹೆಸರೇ ಇಲ್ಲ. ಕೊನೆಗೆ ಎಲ್ಲರಿಗೂ ಶೇಂಗಾಪುಡಿ ತುಂಬಿದ ಬದನೆಕಾಯಿ, ಯುಕಿಗೆ ಮಾತ್ರ ಬೇರೆ ಪಾತ್ರೆಯಲ್ಲಿ ಬೇಳೆಪಲ್ಯ ಎಂದಾಯಿತು.

ಮಧ್ಯಾಹ್ನ ಗುಡಿ ಸುತ್ತಿ ಬಂದು ಇಬ್ಬರೂ ಊಟಕ್ಕೆ ಕುಳಿತರು.

“ಕೆಂಪು ಟೊಪಗಿಯಾಕಿಗೆ ಬ್ಯಾಳಿ ಪಲ್ಯಾ, ನೀಲಿ ಟೊಪಗಿಯಾಕಿಗೆ ಬದನಿಕಾಯಿ,” ಎಂದೆ, ಪದವೀಧರನ ಗತ್ತಿನಲ್ಲಿ.

ಅತ್ತೆಯ ಸೌಟು ಗಾಳಿಯಲ್ಲೇ ನಿಂತಿತು. “ಏ ಶಾಣ್ಯಾ, ಶೇಂಗಾ ವಲ್ಲೆ ಅಂದಾಕಿ ನೀಲಿ ಟೊಪಗಿಯಾಕಿ.”

“ಇಲ್ಲತ್ತಿ, ನನಗ ಪಕ್ಕಾ ನೆನಪೈತಿ.”

“ನಿನ್ನ ನೆನಪಿಗಿಷ್ಟು ಬೆಂಕಿ ಹಾಕ! ಮೊದಲ ಆಕೀನ್ನ ಕೇಳು.”

ಕೇಳಿದೆ. ನೀಲಿ ಟೋಪಿಯವಳೇ ಯುಕಿ. ಬಿಸಿಲಿಗೆ ಅಗಲ ಅಂಚಿನ ಟೋಪಿ ಸರದಿಯಂತೆ ಇಬ್ಬರಿಗೂ ಸಿಗಲಿ ಎಂದು ಗುಡಿಯ ಹತ್ತಿರ ಟೋಪಿ ಬದಲಿಸಿಕೊಂಡಿದ್ದರಂತೆ. ಬದನೆಕಾಯಿಯ ಪಾತ್ರೆಯನ್ನು ಅವಳಿಂದ ದೂರ ಸರಿಸಿದೆ.

“ಹ್ಯಾಂಗ ಗುರ್ತ ಹಿಡದಿ?” ಎಂದೆ.

“ಮಾರಿ ನೋಡಿ. ಆಕಿ ಹುಬ್ಬಿನ ಮ್ಯಾಲೆ ಮಚ್ಚಿ ಐತಲ್ಲ. ನೀ ಏನ ನೋಡಿದ್ದಿ?”

ನಮ್ಮ ಜನರ ಮುಖಗಳನ್ನು ನಾವು ಬಿಡಿಬಿಡಿಯಾಗಿ ನೋಡುತ್ತೇವೆ, ಬೇರೆ ಜನಾಂಗದವರದನ್ನು ಸಗಟಾಗಿ. ಧಾರವಾಡದಲ್ಲಿ ಮನಶ್ಶಾಸ್ತ್ರ ಓದುವಾಗ ಇದನ್ನು ಪರೀಕ್ಷೆಯಲ್ಲೂ ಬರೆದಿದ್ದೆ. ಬರೆದಿದ್ದೆನೆಂದೇ ನೆನಪು, ಈಗ ಯಾವ ನೆನಪನ್ನೂ ನಂಬುವಂತಿಲ್ಲ. ಸವದತ್ತಿಯಾಚೆ ಹೆಚ್ಚು ಹೋಗದ ಅತ್ತೆಗೆ ಈ ನಿಯಮ ಏಕೆ ತಾಗಲಿಲ್ಲ? ಬಹುಶಃ ಒಬ್ಬಳ ಉಸಿರು ತನ್ನ ಸೌಟಿನಲ್ಲಿದೆ ಎಂದು ಗೊತ್ತಾದವಳು ಮುಖದವರೆಗೂ ಹೋಗುತ್ತಾಳೆ. ನಾನು ‘ಜಪಾನಿನವಳು’ ಎಂಬಲ್ಲಿಗೇ ನಿಂತಿದ್ದೆ.

ಸಂಜೆ ಹೊರಡುವಾಗ, ಟೋಪಿ ತೆಗೆದಿಟ್ಟಿದ್ದ ಗೆಳತಿಯರಲ್ಲೊಬ್ಬಳು, ಯುಕಿಯೇ ಇರಬೇಕು, ಕಟ್ಟೆಗೆ ಬಂದಳು. ಅತ್ತೆಯ ಪಕ್ಕದಲ್ಲಿ, ಅತ್ತೆಯಂತೆಯೇ ತಲೆತುಂಬ ಸೆರಗು ಹೊದ್ದು ಕುಳಿತಿದ್ದ ನೆರೆಮನೆಯ ಗಂಗವ್ವನಿಗೆ ನಡು ಬಗ್ಗಿಸಿ ವಂದಿಸಿದಳು.

“ಯವ್ವಾ, ನಾ ಏನ ಮಾಡೇನಿ?” ಗಂಗವ್ವ ಗಾಬರಿಯಾದಳು.

“ಸುಮ್ನ ತಗೋ,” ಅತ್ತೆ ನಕ್ಕಳು, “ಆಕಿ ಕಣ್ಣಿಗೆ ನಾವಿಬ್ರೂ ಒಂದ.”

ತಿದ್ದೋಣವೆಂದು ಹತ್ತಿರ ಹೋದವನು, ಯಾವ ಹೆಸರು ಹಿಡಿದು ಕರೆಯಬೇಕೆಂದು ತಿಳಿಯದೆ, ಮೊದಲ ಬಾರಿಗೆ ಅವಳ ಮುಖ ನೋಡಿದೆ.