ಮೇಷ್ಟ್ರ ಸ್ತಾಪಲ್

ವಯಲಿನ್ ಅಲ್ಲಾಡಿಸಿದಾಗ ಅದರ ಹೊಟ್ಟೆಯೊಳಗಿಂದ ಒಂದು ಪುಟ್ಟ ಮರದ ಕಡ್ಡಿ ಉರುಳಿ ಬಂತು. ಆಸ್ಟಿನ್‌ನಲ್ಲಿ ಓದುತ್ತಿರುವ ಮಗಳು ರಜೆಗೆ ಬಂದಿದ್ದಳು. ತಂತಿ ಬದಲಿಸುತ್ತೇನೆಂದು ನಾಲ್ಕನ್ನೂ ಒಟ್ಟಿಗೆ ಬಿಚ್ಚಿದ್ದಳು. "ಅಮ್ಮಾ, ವಾಟ್ ಈಸ್ ದಿಸ್?" ಎಂದಳು. ಹೆಸರು ಥಟ್ಟನೆ ನೆನಪಾಯಿತು. ಸ್ತಾಪಲ್. ಹಿಂದೆಯೇ ಮೇಷ್ಟ್ರೂ ನೆನಪಿನಲ್ಲಿ ಬಂದು ನಿಂತರು...

ನಾವಿರುವ ಈ ಪ್ಲೇನೋ ಊರಿನಲ್ಲಿ ನಮ್ಮ ಮಕ್ಕಳಿಗೆ ವಯಲಿನ್ ಕಲಿಸಿದವರು ಅವರು. ಹಗಲು ಲಾಸ್ ಕೊಲಿನಾಸ್‌ನಲ್ಲಿ ಸಾಫ್ಟ್‌ವೇರ್ ಕಾಂಟ್ರಾಕ್ಟ್ ಕೆಲಸ, ಸಂಜೆ ಮನೆಯ ಕಾರ್ಪೆಟ್ ಮೇಲೆ ಪಾಠ. ಮೊದಲು ಹಾಲೆಂಡಿನಲ್ಲಿದ್ದಾಗ, ವಯಲಿನ್ ರಿಪೇರಿ ಮಾಡುವವನೊಬ್ಬನಿಂದ ಈ ಡಚ್ ಪದವನ್ನೂ, ಮೇಲಿನ ಕೆಳಗಿನ ಹಲಗೆಗಳ ನಡುವೆ ನಿಂತು ನಾದ ದಾಟಿಸುವ ಈ ಕಡ್ಡಿಯನ್ನು ನಿಲ್ಲಿಸುವುದನ್ನೂ ಕಲಿತಿದ್ದರು. "ಇದಕ್ಕೆ ಅಂಟು ಹಾಕಲ್ಲಮ್ಮ. ತಂತಿ ಬಿಗಿ ಇದ್ರೆ ತಾನಾಗೇ ನಿಂತಿರತ್ತೆ. ಎಲ್ಲಾ ಒಟ್ಟಿಗೆ ಬಿಟ್ರೆ ಬಿದ್ದೇ ಹೋಗತ್ತೆ" ಎನ್ನುತ್ತಿದ್ದರು. ಹಡಗು ಕಟ್ಟುವಾಗ ಅದನ್ನು ನಿಲ್ಲಿಸುವ ಕಟ್ಟೆಗೂ ಅದೇ ಹೆಸರಂತೆ, ಒಂದರ ಮೇಲೊಂದು ಪೇರಿಸುವ ಕಂಪ್ಯೂಟರಿನವರ ಸ್ಟ್ಯಾಕಿಗೂ ಅದೇ ಅಂತೆ. ಒಂದೇ ಪದ ಎಷ್ಟು ಮನೆಯಲ್ಲಿ ಊಟ ಮಾಡುತ್ತದೆ ನೋಡಿ ಎಂದು ನಗುತ್ತಿದ್ದರು.

ಆಮೇಲೆ ಅವರ ಕಾಂಟ್ರಾಕ್ಟ್ ನಿಂತಿತು. ಬೇಗ ಬೇರೆ ಕೆಲಸ ಸಿಗದಿದ್ದರೆ ವೀಸಾ ಹೋಗಿ ದೇಶವನ್ನೇ ಬಿಡಬೇಕಿತ್ತು. "ಸ್ಟ್ಯಾಕ್ ಅಲ್ವೇನಮ್ಮ, ಕೊನೇಲಿ ಬಂದೋನನ್ನೇ ಮೊದ್ಲು ತೆಗೀತಾರೆ" ಎಂದರು. ಆ ದಿನ ನಗಲಿಲ್ಲ.

ನನ್ನ ಗಂಡನ ಟೀಮಿನಲ್ಲಿ ಜಾಗ ಖಾಲಿಯಿತ್ತು. ಮೇಷ್ಟ್ರು ಮಾಡುತ್ತಿದ್ದಂಥದೇ ಕೆಲಸ. ಅವರನ್ನು ತಗೊಳ್ಳಿ ಎಂದು ಇವರನ್ನು ಕೇಳಿದೆ. "ಪರಿಚಯದವ್ರನ್ನ ತಗೊಂಡ್ರೆ ನಾಳೆ ಮಾತು ಬರತ್ತೆ ಕಣೇ" ಎಂದರು. ಮತ್ತೆ ಕೇಳಿದೆ... ಟಿವಿಯ ಸದ್ದು ಜೋರಾಯಿತು. ಬೇರೆ ಮನೆಗಳಲ್ಲೂ ಇದೇ ಮಾತು ನಡೆದಿರಬೇಕು. ಯಾರೊಬ್ಬರೂ ಕೈ ಹಿಡಿಯಲಿಲ್ಲ.

ಬೀಳ್ಕೊಡುಗೆಗೆ ಮಾತ್ರ ಎಲ್ಲರೂ ಬಂದರು. ಶಾಲು ಹೊದಿಸಿದ್ದು ನನ್ನ ಗಂಡ. ಆಗಸ್ಟಿನ ಧಗೆಯಲ್ಲಿ ಮೇಷ್ಟ್ರು ಆ ಶಾಲನ್ನು ತೆಗೆಯದೆ ಕೊನೆಯವರೆಗೂ ಕೂತಿದ್ದರು. ಅದನ್ನು ಕಿತ್ತು ಬಿಸಾಡಬೇಕೆನಿಸುವಷ್ಟು ಸಿಟ್ಟು ಬಂದಿತ್ತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ವಾಟ್ಸಾಪ್ ಗ್ರೂಪಿಗೆ ಬಂದಾಗ, ಎಲ್ಲರಿಗಿಂತ ಮೊದಲು ಕೈಮುಗಿದ ಚಿತ್ರ ಹಾಕಿದವರೂ ಇವರೇ.

ನನ್ನ ಅಂಗೈಯಲ್ಲಿದ್ದ ಕಡ್ಡಿ ನೋಡಿ ಇವರು ಈಗ ಗ್ಯಾರೇಜಿನಿಂದ ಸೂಪರ್ ಗ್ಲೂ ತಂದರು. "ಕೊಡಿಲ್ಲಿ, ಅಂಟಿಸ್ಬಿಡ್ತೀನಿ."

"ಬೇಡ. ಅಂಟು ಹಾಕಿದ್ರೆ ನಾದ ಹೋಗತ್ತೆ."

"ಮತ್ತೆ ಯಾರು ನಿಲ್ಲಿಸ್ತಾರೆ ಇದನ್ನ?"

"ನಿಲ್ಲಿಸೋರು ಒಬ್ರಿದ್ರು. ನೀವು ಶಾಲು ಹೊದಿಸಿ ಕಳಿಸಿದ್ರಿ" ಎಂದೆ.