ಒಂದು ರೀಲು, ಎರಡು ಕ್ಯಾಮೆರಾ

ಮೊನ್ನೆ ಮಗಳು ತನ್ನ ಕ್ಯಾಮೆರಾದ ಮೆಮೊರಿ ಕಾರ್ಡು ತೆಗೆದು ಅವರಪ್ಪನ ಕ್ಯಾಮೆರಾಕ್ಕೆ ಹಾಕಿದಳು. ಕಾರ್ಡು ಒಳಗೆ ಕೂತಿದ್ದೇ ತಡ, ಆ ಕ್ಯಾಮೆರಾ ಇದನ್ನು ಫಾರ್ಮ್ಯಾಟ್ ಮಾಡಬೇಕು, ಇರುವುದೆಲ್ಲ ಅಳಿಸಿ ಹೋಗುತ್ತದೆ ಎಂದು ಹಟ ಹಿಡಿಯಿತು. "ಒತ್ತಲೇನು?" ಅಂದಳು. ನಾನೂ ಅವರೂ ಒಟ್ಟಿಗೇ "ಬ್ಯಾಡ!" ಎಂದು ಕೂಗಿಬಿಟ್ಟೆವು. ಹುಡುಗಿ ಗಾಬರಿಯಾಗಿ ಕೈ ತೆಗೆದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡು ನಗತೊಡಗಿದೆವು. ನಕ್ಕು ನಕ್ಕು ನನಗೆ ಬಿಕ್ಕಳಿಕೆ ಹತ್ತಿತು. ಒಂದು ಕ್ಯಾಮೆರಾದಿಂದ ಬಿಚ್ಚಿದ್ದನ್ನು ಇನ್ನೊಂದಕ್ಕೆ ಹಾಕಿದರೆ ಏನೇನಾಗುತ್ತದೆ ಎಂದು ನಮ್ಮಷ್ಟು ತಿಳಿದವರು ಇಡೀ ರಾಯಚೂರು ಜಿಲ್ಲೆಯಲ್ಲಿ ಇರಲಿಕ್ಕಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಮದುವೆಯಾಗಿ ನಾಲ್ಕು ತಿಂಗಳು. ನಾನು ಸಿಂಧನೂರಿನಲ್ಲಿ ಪ್ರಾಥಮಿಕ ಶಾಲೆಯ ಟೀಚರು, ಒಂದು ಬಾಡಿಗೆ ಖೋಲಿಯಲ್ಲಿ ಇದ್ದೆ. ಅವರದು ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ. ಭಾನುವಾರ ಅವರು ಲಿಂಗಸುಗೂರಿನ ಕಡೆಯಿಂದ ಬಸ್ಸು ಹಿಡಿಯುವುದು, ನಾನು ಸಿಂಧನೂರಿನಿಂದ ಹಿಡಿಯುವುದು, ಇಬ್ಬರೂ ನಡುವಿನ ಮಸ್ಕಿಯಲ್ಲಿ ಇಳಿಯುವುದು. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ. ಅದೇ ನಮ್ಮ ಸಂಸಾರ. ಹೋಟೆಲಿನವನು ನಮ್ಮನ್ನು ಕದ್ದು ಕೂಡುವ ಜೋಡಿ ಎಂದೇ ತಿಳಿದಿದ್ದ, ಮೂಲೆಯ ಟೇಬಲ್ಲು ಕಾಯ್ದಿಡುತ್ತಿದ್ದ. ನನಗೆ ಅದು ಎಷ್ಟು ಖುಷಿ ಕೊಡುತ್ತಿತ್ತೆಂದರೆ, ತಾಳಿಯನ್ನು ಸೆರಗಿನೊಳಗೆ ಸೇರಿಸಿಕೊಂಡು ಕೂಡುತ್ತಿದ್ದೆ.

ಅಷ್ಟರಲ್ಲಿ ಕಂಪನಿಯವರು ಇವರಿಗೆ ಕ್ವಾರ್ಟರ್ಸ್ ಕೊಟ್ಟರು. ಹೆಂಡತಿ ಬಂದು ಇರುತ್ತಾಳೋ ಇಲ್ಲವೋ, ತಿಂಗಳ ಕೊನೆಯೊಳಗೆ ಬರೆದು ಕೊಡಬೇಕು. ಇಲ್ಲ ಎಂದರೆ ಪಟ್ಟಿಯಲ್ಲಿ ಮುಂದಿನವರಿಗೆ. ಹೋಗಬೇಕಾದರೆ ನಾನು ಲಿಂಗಸುಗೂರು ತಾಲೂಕಿಗೆ ವರ್ಗ ಕೇಳಬೇಕು. ಹೋಗದಿದ್ದರೆ ಸಿಂಧನೂರಿನಲ್ಲೇ ಮನೆ ಮಾಡಿ, ಅವರು ರಜೆಯ ದಿನ ಬಂದು ಹೋಗಬೇಕು.

ನಾನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹಟ್ಟಿಯೆಂದರೆ ಎಲ್ಲರೂ ನೆಲದೊಳಗೇ ಇರುವ ಊರೆಂದು ನನ್ನ ತಲೆಯಲ್ಲಿ ಕೂತಿತ್ತು. ಬಂದು ನೋಡು ಎಂದರೆ ಅದಕ್ಕೂ ಇಲ್ಲ. ನೋಡಿದರೆ ಎಲ್ಲಿ ಮನಸ್ಸು ಕರಗುತ್ತದೋ ಎಂಬ ಹೆದರಿಕೆ.

"ಹಂಗಾದ್ರ ಫೋಟೊ ತೆಗದು ತೋರಸ್ತೀನಿ," ಅಂದರು ಅವರು.

"ನಾನೂ ಸಿಂಧನೂರು ತೆಗೀತೀನಿ. ಯಾರ ಫೋಟೊ ಚಲೋ ಬರ್ತಾವೋ ಅವರ ಊರಾಗ ಮನಿ!" ಅಂದೆ.

ಮಿರ್ಚಿಯ ಎಣ್ಣೆಗೈಯಲ್ಲೇ ಕೈಗೆ ಕೈ ಹೊಡೆದು ಪಣ ಕಟ್ಟಿದೆವು.

ಇಬ್ಬರ ಬಳಿಯೂ ಕ್ಯಾಮೆರಾ ಇತ್ತು. ಅವರದು ಹಳೆಯದು, ಕಲ್ಲಿನಷ್ಟು ಭಾರ, ಕಣ್ಣಿಟ್ಟರೆ ಲೆನ್ಸಿನೊಳಗಿಂದಲೇ ಎಲ್ಲ ಕಾಣುವಂಥದು. ನನ್ನದು ದುಬೈಯಲ್ಲಿದ್ದ ಅಣ್ಣ ಕಳಿಸಿದ ಹಗುರ ಪ್ಲಾಸ್ಟಿಕ್ಕಿನದು, ಒತ್ತಿದರೆ ಝುಂಯ್ ಎಂದು ರೀಲನ್ನು ತಾನೇ ಮುಂದೆ ಸರಿಸುತ್ತಿತ್ತು. ಒಬ್ಬರ ಕ್ಯಾಮೆರಾ ಇನ್ನೊಬ್ಬರ ಕೈಗೆ ಕೊಡಲು ಇಬ್ಬರಿಗೂ ಮನಸ್ಸಿಲ್ಲ. ರೀಲು ಮಾತ್ರ ಒಂದೇ ಇರಲಿ, ಒಂದೇ ಕಡೆ ತೊಳೆಸೋಣ, ಆಮೇಲೆ ತಕರಾರು ಬೇಡ ಎಂದು ಅವರೇ ತೀರ್ಮಾನಿಸಿದರು. ಮೂವತ್ತಾರರಲ್ಲಿ ಮೊದಲ ಹದಿನೆಂಟು ಅವರವು, ಉಳಿದವು ನನ್ನವು.

ಮುಂದಿನ ಭಾನುವಾರ ಮಸ್ಕಿಯಲ್ಲಿ ರೀಲು ನನ್ನ ಕೈಗೆ ಬಂತು. ರೀಲಿನ ಬಾಲ ಡಬ್ಬಿಯೊಳಗೆ ಪೂರಾ ಹೋಗದಂತೆ, ಕ್ಯಾಮೆರಾಕ್ಕೆ ಕಿವಿ ಹಚ್ಚಿ, ಹುಷಾರಾಗಿ ಹಿಂದಕ್ಕೆ ಸುತ್ತಿ ತೆಗೆದಿದ್ದರು. ಮೇಲೆ ಪೆನ್ನಿನಲ್ಲಿ ಹದಿನೆಂಟು ಎಂದು ಬರೆದಿದ್ದರು.

"ನೋಡು, ನಿನ್ನ ಕ್ಯಾಮೆರಾಕ್ಕ ಇದು ಹೊಸಾ ರೀಲು. ಹಿಂದ ಏನೈತಿ ಅದಕ್ಕ ಗೊತ್ತಿಲ್ಲ. ಕೈ ಅಡ್ಡ ಹಿಡಿ. ಕಣ್ಣಿಗೆ ಪೂರಾ ಕತ್ತಲ ಕಾಣಬೇಕು. ಆಮ್ಯಾಲ ಹದಿನೆಂಟು ಸಲ ಖಾಲಿ ಒತ್ತು, ನನ್ನವು ದಾಟಿ ಹೋಗ್ತಾವ. ಅಲ್ಲಿಂದ ನಿನ್ನ ಪಾಳಿ."

"ನಾ ಸಾಲಿ ಕಲಸಾಕಿ ರೀ. ಹದಿನೆಂಟು ಎಣಸಾಕ ಬರಂಗಿಲ್ಲೇನು?" ಅಂದೆ.

ಎಣಿಸಲು ಬಂತು. ಉಳಿದದ್ದು ಬರಲಿಲ್ಲ.

ಮರುದಿನ ತಲೆ ಮಿಂದು, ಟವೆಲ್ಲು ಸುತ್ತಿಕೊಂಡು, ಬಾಗಿಲ ಪಕ್ಕ ಬೆಳಕಿನಲ್ಲಿ ನಿಂತೆ. ಎದುರಿಗೆ ಗೋಡೆಗೆ ತೂಗುಹಾಕಿದ ದೊಡ್ಡ ಕನ್ನಡಿ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕ್ಯಾಮೆರಾದ ಕಿಂಡಿಗೆ ಹಚ್ಚಿ, ಮುಂದೆ ಬೆರಳು ಅಡ್ಡ ಹಿಡಿದೆ. ಗವ್ವೆನ್ನುವ ಕತ್ತಲು. ಅವರು ಹೇಳಿದ್ದೇ ಸರಿ! ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಒತ್ತತೊಡಗಿದೆ. ಒಂದು, ಝುಂಯ್. ಎರಡು, ಝುಂಯ್. ಹನ್ನೊಂದಕ್ಕೆ ಬಂದಾಗ ಮನೆ ಮಾಲೀಕಳಾದ ಮುದುಕಿ ಹಿಂದಿನಿಂದ ಇಣುಕಿದಳು.

"ಅಕ್ಕೋರ, ಕನ್ನಡಿ ಮುಂದ ಏನ್ ಎಣಸಾಕತ್ತೀರಿ?"

"ಏನಿಲ್ಲಬೇ ಯವ್ವಾ, ಸುಮ್ಮನ ಕ್ಯಾಮೆರಾ ಒತ್ತಾಕತ್ತೀನಿ. ಅದರ ಕಣ್ಣು ಮುಚ್ಚೀನಿ, ಅದಕ್ಕೇನೂ ಕಾಣಂಗಿಲ್ಲ."

ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೋದಳು. ನಾನು ಹದಿನೆಂಟು ಮುಗಿಸಿ, ಆ ವಾರವಿಡೀ ಊರು ಸುತ್ತಿದೆ. ಕಾಲುವೆ, ಭತ್ತದ ಗದ್ದೆ, ಸಂತೆ, ಟಾಕೀಸು, ನನ್ನ ಶಾಲೆ, ತುರ್ವಿಹಾಳದಿಂದ ಬಂದ ಬಸ್ಸಿನ ಮೇಲೆ ಕೂತ ಕುರಿಮರಿ ಕೂಡ. ಗೆದ್ದೇ ಬಿಟ್ಟೆನೆಂದು ನಡೆಯುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ರೀಲನ್ನು ಲಿಂಗಸುಗೂರಿನ ಒಂದು ಸ್ಟುಡಿಯೋಕ್ಕೆ ಕೊಟ್ಟೆವು. ತರಲು ಹೋದ ದಿನ ಸ್ಟುಡಿಯೋದವನ ಮುಖದಲ್ಲಿ ರಕ್ತವಿರಲಿಲ್ಲ. ಲಕೋಟೆಯನ್ನು ದೂರದಿಂದಲೇ ಸರಿಸಿ, ಇವರಿಗೆ ಮೆಲ್ಲಗೆ ಹೇಳಿದ: "ಸಾಹೇಬ್ರ, ನಿಮ್ಮ ಮನ್ಯಾಗ ಯಾರೋ ಒಬ್ಬಾಕಿ ಅದಾಳ್ರಿ. ಗ್ವಾಡಿ ಒಳಗಿಂದ ಬಂದಾಳ." ಆಮೇಲೆ ಕಣ್ಣೆತ್ತಿ ನನ್ನನ್ನು ನೋಡಿದ. ಫೋಟೊ ನೋಡಿದ. ಮತ್ತೆ ನನ್ನನ್ನು ನೋಡಿ, ಎರಡು ಹೆಜ್ಜೆ ಹಿಂದೆ ಸರಿದ.

ಹಟ್ಟಿಯ ಅಡುಗೆಮನೆಯಲ್ಲಿ ನಾನಿದ್ದೆ! ತಲೆಗೆ ಟವೆಲ್ಲು, ಕಚ್ಚಿದ ನಾಲಿಗೆ, ಮುಚ್ಚಿದ ಒಂದು ಕಣ್ಣು. ನೀರಿನ ನಳದ ಮೇಲೆ ನಾನು. ಪಡಸಾಲೆಯಲ್ಲಿ ನಾನು. ಮಂಚದ ಮೇಲೆ ನನ್ನ ತಲೆ ಮಾತ್ರ, ಕೈಯಲ್ಲಿ ಕ್ಯಾಮೆರಾ. ಒಂದರಲ್ಲಂತೂ ಹಿತ್ತಲ ಬಾಗಿಲಿನಿಂದ ನಮ್ಮ ಮನೆ ಮಾಲೀಕಳು ಇಣುಕುತ್ತಿದ್ದಳು, ಸಿಂಧನೂರು ಬಿಟ್ಟು ಎಂದೂ ಕದಲದ ಮುದುಕಿ.

"ಯಾವ ಕಿಂಡಿ ಮುಚ್ಚಿದ್ದಿಲೇ?" ಅಂದರು ಅವರು.

"ಮ್ಯಾಲಿನ ಸಣ್ಣ ಗಾಜು. ಕತ್ತಲ ಕಾಣೋತನಕ ಮುಚ್ಚು ಅಂದಿದ್ರಿ. ಕಂಡ್ತು!"

"ನನ್ನ ಕ್ಯಾಮೆರಾಕ್ಕ ಆ ಮಾತು! ನಿಂದ್ರಾಗ ನೋಡೋ ಕಿಂಡಿ ಬ್ಯಾರೆ, ಲೆನ್ಸು ಬ್ಯಾರೆ. ಲೆನ್ಸು ಕನ್ನಡ್ಯಾಗಿನ ನಿನ್ನ ನನ್ನ ಫೋಟೊ ಮ್ಯಾಲೇ ಮತ್ತ ತೆಗದೈತಿ. ಕುಣ್ಯಾಕ ಬರದಾಕಿ ನೆಲ ಡೊಂಕ ಅಂದ್ಲಂತ."

"ಹೇಳಾಕ ಬರದವರು ಏನಂದ್ರಂತ?"

ಲಿಂಗಸುಗೂರು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಫೋಟೊ ಹರಡಿಕೊಂಡು ಹೊಟ್ಟೆ ಹಿಡಿದು ನಕ್ಕೆವು. ಪಕ್ಕದಲ್ಲಿ ಕೂತ ಮುದಗಲ್ಲಿನ ಅಜ್ಜನೊಬ್ಬ ಸಂಗತಿ ಏನೆಂದು ತಿಳಿಯದೆಯೇ ನಮ್ಮ ಜೊತೆ ನಕ್ಕ. ಆಮೇಲೆ ನನ್ನ ಹದಿನೆಂಟು ತೆಗೆದೆವು. ಕನ್ನಡಿಯಷ್ಟು ಸ್ವಚ್ಛ. ಅವರು ತಲೆಯಾಡಿಸಿದರು.

"ಆಯ್ತು, ನೀ ಗೆದ್ದಿ. ನಾಳೆ ಆಫೀಸಿಗೆ ಕ್ವಾರ್ಟರ್ಸ್ ಬ್ಯಾಡಂತ ಬರದು ಕೊಡ್ತೀನಿ."

ಮುಖ ನಗುತ್ತಿತ್ತು, ದನಿ ನಗುತ್ತಿರಲಿಲ್ಲ. ನಾನು ಗೆದ್ದವಳ ಗತ್ತಿನಲ್ಲಿ ಅವರ ಫೋಟೊಗಳನ್ನು ಮತ್ತೊಮ್ಮೆ ಕೈಗೆತ್ತಿಕೊಂಡೆ, ನನ್ನ ನಾಲಿಗೆ ನೋಡಿ ಇನ್ನೊಮ್ಮೆ ನಗಲೆಂದು. ಆಗ ಕಂಡಿತು. ಅಡುಗೆಕಟ್ಟೆಯ ಮೇಲೆ ಎರಡು ಜೊತೆ ಚಹಾದ ಕಪ್ಪು-ಬಸಿ. ಗೂಟಕ್ಕೆ ಎರಡು ಟವೆಲ್ಲು. ಊಟಕ್ಕೆ ಹಾಸಿದ ಚಾಪೆಯ ಮುಂದೆ ಎರಡು ತಾಟು. ಬಾಗಿಲಲ್ಲಿ ಅವರ ಚಪ್ಪಲಿ, ಅದರ ಮಗ್ಗುಲಲ್ಲಿ ಹೆಂಗಸಿನ ಚಪ್ಪಲಿ. ಹದಿನೆಂಟರಲ್ಲೂ ಎಲ್ಲವೂ ಎರಡೆರಡು.

"ಈ ಚಪ್ಪಲಿ ಯಾರವು ರೀ?"

ಅವರು ನಾಚಿಕೊಂಡರು. "ಬಾಜು ಮನಿಯವರವು. ಫೋಟೊಕ್ಕಂತ ಇಸಗೊಂಡಿದ್ದೆ. ಕಪ್ಪೂ ಅವರದ."

ನಾನು ಹದಿನೆಂಟು ಸಲ ಒಂದು ಊರನ್ನು ತೆಗೆದಿದ್ದೆ. ಈ ಪುಣ್ಯಾತ್ಮ ಹದಿನೆಂಟು ಸಲ ಒಂದು ಮನೆ ತೆಗೆದಿದ್ದರು, ಅದರಲ್ಲಿ ಇಲ್ಲದ ನನ್ನನ್ನು ಕೂಡಿಸಿಕೊಂಡು. ನನಗೆ ಅಳು ಬಂತು, ಅಳುತ್ತಲೇ ನಗುವೂ ಬಂತು.

ಹಟ್ಟಿಯ ಬಸ್ಸು ಬಂದು ನಿಂತಿತು. ನಾನೇ ಮೊದಲು ಹತ್ತಿದೆ. ಅವರು ಕೆಳಗೆ ಬಾಯಿ ತೆರೆದು ನಿಂತಿದ್ದರು.

"ನಿನ್ನ ಬಸ್ಸು ಆ ಕಡೆ ಐತಿ. ಎಲ್ಲಿಗ್ಹೊಂಟಿ?"

"ಗೆದ್ದಾಕಿ ನಾ, ನಾ ಹೇಳಿದ್ದ ಆಗಬೇಕು. ನನ್ನ ಚಪ್ಪಲಿ ಇಟ್ಟು ಬರ್ತೀನಿ, ಹತ್ರಿ."

ಮರುದಿನ ಮುಂಜಾನೆ ಸಿಂಧನೂರಿನ ಶಾಲೆಗೆ ಹೋದಾಗ ನನ್ನ ಕಾಲಲ್ಲಿ ಹಟ್ಟಿಯ ಬಾಜು ಮನೆಯವರ ಚಪ್ಪಲಿ ಇದ್ದವು, ನನಗಿಂತ ಎರಡು ಬೆರಳು ದೊಡ್ಡವು. ಅವನ್ನು ಟಪಟಪ ಎಳೆಯುತ್ತಲೇ ಹೆಡ್ ಮಾಸ್ತರರ ಖೋಲಿಗೆ ಹೋಗಿ ವರ್ಗದ ಅರ್ಜಿಗೆ ಸಹಿ ಹಾಕಿದೆ.